ಅವಿತು ಆಡುವ ಆಟ, ಅವಿತು ಬಾಳುವ ಪಾಠ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೈದು ದಾಟಿದ, ಮದುವೆಯಾದ, ತಿಂಗಳಿಗೊಮ್ಮೆ ಮನೆ ಬಾಡಿಗೆ ಕಟ್ಟಿ ನಿಟ್ಟುಸಿರು ಬಿಡುವ ನಾನು ಈಗಲೂ ವಿಡಿಯೋ ಗೇಮ್ ಆಡುತ್ತೇನೆ. "ಹಗಲೆಲ್ಲ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಕೂತು ಸ್ಕ್ರೀನ್ ನೋಡಿದ್ದು ಸಾಲದೇನ್ರೀ?" ಎಂದು ನನ್ನಾಕೆ ಕೇಳುವ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ಸಿಗುವುದೂ ಬೇಡ ಬಿಡಿ.

ಈ ಸಲ ನಾನು ಹೇಳಹೊರಟಿರುವುದು ‘ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್’ ಎಂಬ ಆಟದ ಬಗ್ಗೆ. 2025ರ ಮಾರ್ಚ್ 20ರಂದು ಬಿಡುಗಡೆಯಾದ ಆಟ ಇದು. ನಾನು ಮಾತ್ರ ಅಪ್ಪಟ ಮಧ್ಯಮ ವರ್ಗದ ಕನ್ನಡಿಗನಂತೆ ಡಿಸ್ಕೌಂಟ್ ಬರಲಿ ಎಂದು ಕಾದು, ಆ ವರ್ಷದ ಜುಲೈನಲ್ಲಿ ಕೊಂಡೆ. ಹಾಗಾಗಿ ಇದು ಮೊದಲ ಹದಿನೈದು-ಇಪ್ಪತ್ತು ಗಂಟೆ ಆಡಿದಾಗ ಮೂಡಿದ ಅನಿಸಿಕೆ. ಆಟದ ಗಂಧಗಾಳಿ ಇಲ್ಲದವರೂ ಓದಬಹುದು. ಯಾಕೆಂದರೆ ಕೊನೆಗೆ ಮಾತು ಆಟದ್ದಾಗಿ ಉಳಿಯುವುದಿಲ್ಲ.

2007ರಲ್ಲಿ ಶುರುವಾದ ಈ ಸರಣಿಯದು ಹೊಡಿ-ಬಡಿ ಜಾತಿಯ ಆಟವಲ್ಲ. ಕಣ್ಣಾಮುಚ್ಚಾಲೆಯ ಜಾತಿ. ಕೋಟೆಯೊಳಗೆ ಯಾರಿಗೂ ಕಾಣದಂತೆ ನುಸುಳಬೇಕು, ಗುರಿಯ ಮನುಷ್ಯನನ್ನು ಮುಗಿಸಬೇಕು, ಬಂದ ಹಾಗೆಯೇ ಮಾಯವಾಗಬೇಕು. ಅಂದಹಾಗೆ, ಸರಣಿಯ ಮೊದಲ ಆಟದಲ್ಲಿ ಏಟು ತಿಂದವನು ಮೆಟ್ಟಿಲ ಮೇಲೆ ಹೇಗೆ ಉರುಳಬೇಕು ಎಂಬ ಭೌತಶಾಸ್ತ್ರದ ಲೆಕ್ಕ ಮಾಡಿದ್ದು ಹ್ಯಾವಕ್ ಎಂಬ ತಂತ್ರಾಂಶ. ಅದು 1998ರಲ್ಲಿ ನಮ್ಮ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಹುಟ್ಟುಹಾಕಿದ ಕಂಪನಿಯದು. ಡಾಕ್‌ನಿಂದ ಟ್ರಿನಿಟಿಗೆ ನಡೆದೇ ಹೋಗಬಹುದು. ಹಾಗಾಗಿ ನಾನು ಈ ಆಟ ಆಡುವುದನ್ನು ‘ಸ್ಥಳೀಯ ಉದ್ಯಮಕ್ಕೆ ಪ್ರೋತ್ಸಾಹ’ ಎಂದು ಮನೆಯಲ್ಲಿ ವಾದಿಸಿ ನೋಡಿದೆ. ವಾದ ಬಿದ್ದುಹೋಯಿತು.

ಹೊಸ ಆಟದ ಕಥೆ ನಡೆಯುವುದು ಹದಿನಾರನೇ ಶತಮಾನದ ಕೊನೆಯ ಜಪಾನಿನಲ್ಲಿ. ನಾವೋಯೆ ಎಂಬ ಹುಡುಗಿ. ಇಗಾ ಎಂಬ ಬೆಟ್ಟದ ಸೀಮೆಯವಳು, ಗುಪ್ತ ಯುದ್ಧ ಕಲಿತವಳು. 1581ರಲ್ಲಿ ಒಡಾ ನೊಬುನಾಗನ ಸೈನ್ಯ ಅವಳ ಸೀಮೆಯನ್ನು ಹಾಳುಗೆಡವುತ್ತದೆ, ಅಪ್ಪ ಸಾಯುತ್ತಾನೆ, ಮುಖವಾಡ ತೊಟ್ಟ ಗುಂಪೊಂದನ್ನು ಅವಳು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೊರಡುತ್ತಾಳೆ. ಕಥೆಯೇನೋ ನಮ್ಮ ಎಂಬತ್ತರ ದಶಕದ ಕನ್ನಡ ಸಿನಿಮಾದ್ದೇ! ಆದರೆ ಆಟದ ಸೊಗಸಿರುವುದು ಬೆಳಕಿನಲ್ಲಿ. ಹಿಂದಿನ ಆಟಗಳಲ್ಲಿ ಗೋಡೆಯ ಹಿಂದೆಯೋ ಹುಲ್ಲಿನ ಬಣವೆಯಲ್ಲೋ ಅಡಗಿದರಾಯಿತು. ಇಲ್ಲಿ ಕತ್ತಲೆಯೇ ಅಡಗುತಾಣ. ನಿಮ್ಮ ಮೇಲೆ ಬೆಳಕು ಬಿದ್ದಿದೆಯೋ ಇಲ್ಲವೋ ಎಂದು ಪರದೆಯ ಮೇಲಿನ ಒಂದು ಗುರುತು ಹೇಳುತ್ತದೆ. ಲಾಟೀನು ಕಂಡರೆ ಆರಿಸಬೇಕು. ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಬೇಕು. ಕೊಳದಲ್ಲಿ ಮುಳುಗಿ ಬಿದಿರಿನ ಕೊಳವೆಯಲ್ಲಿ ಉಸಿರಾಡಬಹುದು. ಋತು ಬದಲಾಗಿ ಚಳಿಗಾಲ ಬಂತೋ, ಅದೇ ಕೊಳ ಹೆಪ್ಪುಗಟ್ಟುತ್ತದೆ, ಸೂರಿನಲ್ಲಿ ನೇತುಬಿದ್ದ ಹಿಮದ ಕಡ್ಡಿ ತಾಗಿ ಬಿದ್ದರೆ ಕಾವಲುಗಾರನಿಗೆ ಕೇಳಿಸುತ್ತದೆ. ಇಂಜಿನಿಯರ್ ಆಗಿ ಇದನ್ನು ಮಾಡಿದವರಿಗೆ ನಾನು ಟೋಪಿ ತೆಗೆಯುತ್ತೇನೆ.

ಇನ್ನು ಕೊಲ್ಲುವ ವಿಷಯ. ಆಟದ ಡಬ್ಬಿಯ ಮೇಲೆ ಹದಿನೆಂಟು ಎಂಬ ಅಂಕೆ ಇದೆ. ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಮಕ್ಕಳಿರುವ ಮಿತ್ರರು ದಯವಿಟ್ಟು ಗಮನಿಸಿ. ರಕ್ತ ಧಾರಾಳವಾಗಿದೆ. ಕಾವಲುಗಾರರನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸಿ ಮಲಗಿಸುವ ದಾರಿಯೂ ಇದೆ. ನಾನು ಹೆಚ್ಚಾಗಿ ಅದನ್ನೇ ಬಳಸಿದೆ. ಪಾಪ, ರಾತ್ರಿ ಪಾಳಿಯವರು.

ಮೊದಲ ಹಲವು ಗಂಟೆ ಹೆಚ್ಚುಕಡಿಮೆ ನಾವೋಯೆಯದೇ ಆಟ. ಆಮೇಲೆ ಯಾಸುಕೆ ಕೈಗೆ ಸಿಗುತ್ತಾನೆ. ಆಫ್ರಿಕಾದವನು, ಆಜಾನುಬಾಹು, ನೊಬುನಾಗನ ಸಮುರಾಯ್. ಇವನಿಗೆ ಅಡಗಲು ಬರುವುದಿಲ್ಲ. ಬಾಗಿಲು ತೆರೆಯುವ ಬದಲು ಮುರಿದುಕೊಂಡು ಹೋಗುತ್ತಾನೆ. ನಾವೋಯೆ ಹಕ್ಕಿಯಂತೆ ಧುಮುಕುವ ಎತ್ತರದಿಂದ ಇವನು ಧುಮುಕಿದರೆ ಹಲಸಿನ ಹಣ್ಣು ಬಿದ್ದ ಹಾಗೆ ಬೀಳುತ್ತಾನೆ. ಪೇಟೆಯಲ್ಲಿ ನಡೆದರೆ ಎಲ್ಲರ ಕಣ್ಣೂ ಇವನ ಮೇಲೆಯೇ. ನನಗೆ ಮೊದಲು ಸಿಟ್ಟೇ ಬಂತು. ನುಸುಳುವ ಆಟದಲ್ಲಿ ನುಸುಳಲಾಗದ ನಾಯಕನೇ? ಇವನನ್ನು ಬಿಟ್ಟು ಮತ್ತೆ ನಾವೋಯೆಗೇ ಮರಳಿದೆ. ಆಟದಲ್ಲಿ ಹೆಚ್ಚಿನ ಕಡೆ ಆ ಆಯ್ಕೆ ನಮ್ಮದೇ.

ಯಾಸುಕೆ ಆಟದವರು ಕಲ್ಪಿಸಿದ ಪಾತ್ರವಲ್ಲ. ಆಟ ಬರುವ ಮೊದಲೇ ಇವನ ಹೆಸರಿನಲ್ಲಿ ಅಂತರ್ಜಾಲದಲ್ಲಿ ದೊಡ್ಡ ಜಗಳವಾಗಿತ್ತು. ‘ಜಪಾನಿನ ಕಥೆಗೆ ಕಪ್ಪು ನಾಯಕನೇಕೆ?’ ಎಂದು. ಕುತೂಹಲಕ್ಕೆ ಓದುತ್ತಾ ಹೋದೆ. 1579ರಲ್ಲಿ ವಾಲಿಗ್ನಾನೋ ಎಂಬ ಇಟಲಿಯ ಜೆಸೂಯಿಟ್ ಪಾದ್ರಿ ಜಪಾನಿಗೆ ಕಾಲಿಟ್ಟ. ಅದಕ್ಕೂ ಮುಂಚೆ, 1574ರಲ್ಲಿ, ಆತ ಬಂದಿಳಿದಿದ್ದು ನಮ್ಮ ಪಕ್ಕದ ಗೋವೆಗೆ. ಅವನ ಪರಿವಾರದಲ್ಲಿದ್ದವನು ಯಾಸುಕೆ. 1581ರಲ್ಲಿ ಕ್ಯೋಟೋ ನಗರದಲ್ಲಿ ಅವನನ್ನು ನೋಡಲು ಜನ ಮುಗಿಬಿದ್ದರು. ನೊಬುನಾಗ ಕರೆಸಿದ. ಮೈಬಣ್ಣ ನಿಜವೆಂದು ನಂಬದೆ, ಅಂಗಿ ತೆಗೆಸಿ, ತಿಕ್ಕಿ ತೊಳೆಸಿ ನೋಡಿದ. ಬಣ್ಣ ಹೋಗಲಿಲ್ಲ. ಆಮೇಲೆ ತನ್ನ ಬಳಿಯೇ ಇಟ್ಟುಕೊಂಡು ಕತ್ತಿ ಕೊಟ್ಟ, ಮನೆ ಕೊಟ್ಟ. 1582ರ ಜೂನ್‌ನಲ್ಲಿ ನೊಬುನಾಗ ತನ್ನ ಸೇನಾನಿಯ ದ್ರೋಹಕ್ಕೆ ಬಲಿಯಾದ ದಿನವೂ ಯಾಸುಕೆ ಹೋರಾಡಿದ.

ಆ ‘ತಿಕ್ಕಿ ತೊಳೆಸಿ ನೋಡಿದ’ ಎಂಬಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಯಾಕೆಂದರೆ ನಾನೂ ಅದನ್ನು ಮಾಡಿದ್ದೇನೆ.

ನನ್ನದು ಯಲ್ಲಾಪುರದ ಕಡೆಯ ಹಳ್ಳಿ. ಮೂರನೇ ಕ್ಲಾಸಿನಲ್ಲಿ ನಮ್ಮ ಜೊತೆ ಒಬ್ಬ ಸಿದ್ದಿ ಹುಡುಗ ಇದ್ದ. ಕೊನೆಯ ಸಾಲಿನಲ್ಲಿ, ಮೂಲೆಯಲ್ಲಿ, ಗೋಡೆಗೆ ಒರಗಿ ಕೂರುತ್ತಿದ್ದ. ಬಾವಿಕಟ್ಟೆಯ ಹತ್ತಿರ ನಾವು ನಾಲ್ಕೈದು ಜನ ಬೆರಳಿಗೆ ನೀರು ಹಚ್ಚಿಕೊಂಡು ಅವನ ತೋಳು ತಿಕ್ಕಿ ನೋಡಿದ್ದೆವು. ಗುಂಗುರು ಕೂದಲು ಎಳೆದು ನೋಡಿದ್ದೆವು. ಅವನು ಅಳಲಿಲ್ಲ, ಬೈಯಲಿಲ್ಲ. ಮರುದಿನದಿಂದ ಬಾವಿಕಟ್ಟೆಗೆ ನಾವು ಹೋದ ಮೇಲೆ ಬರುತ್ತಿದ್ದ, ಅಷ್ಟೆ. ಆಟದ ಭಾಷೆಯಲ್ಲಿ ಹೇಳಬೇಕೆಂದರೆ, ಕಾವಲುಗಾರರು ಎಲ್ಲಿ ನಿಲ್ಲುತ್ತಾರೆ, ಯಾವಾಗ ಬದಲಾಗುತ್ತಾರೆ ಎಂದು ಅವನು ಕಲಿತುಕೊಂಡಿದ್ದ. ಕಾವಲುಗಾರರು ನಾವಾಗಿದ್ದೆವು.

ಸಿದ್ದಿಗಳ ಚರಿತ್ರೆಯೂ ಅಂಥದ್ದೇ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡದ ಸುತ್ತ ಇಂದಿಗೂ ಅವರ ಕೇರಿಗಳಿವೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಆಡುತ್ತಾರೆ. ಕಾಡಿನಲ್ಲಿ ಅವಿತದ್ದು ಅವರಿಗೆ ಆಟವಲ್ಲ, ಉಸಿರು. ಆದರೆ ಅಷ್ಟಕ್ಕೇ ನಿಂತಿದ್ದರೆ ಅವರು ಇದ್ದಾರೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಡಮಾಮಿ ಬಾರಿಸಿದರು, ಎಲ್ಲರೆದುರು ಕುಣಿದರು. ಸಂಘಟನೆ ಕಟ್ಟಿದರು, ಅರ್ಜಿ ಕೊಟ್ಟರು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನೊಳಗೆ ಕಾಲಿಟ್ಟರು. ಆ ಜನಾಂಗದಿಂದ ಅಲ್ಲಿಗೆ ಹೋದ ಮೊದಲಿಗರು ಅವರು. ನಮ್ಮ ಶಾಲೆಯ ಗ್ಯಾದರಿಂಗಿನಲ್ಲಿ ಮೂಲೆಯ ಹುಡುಗ ಒಮ್ಮೆ ಡಮಾಮಿ ಬಾರಿಸಿದ್ದು ನನಗೆ ನೆನಪಿದೆ. ಅವತ್ತು ಅವನ ತೋಳಿನ ಬಣ್ಣ ಯಾರಿಗೂ ಕಾಣಲಿಲ್ಲ, ಕೈಯ ಗತ್ತು ಕಂಡಿತು.

ಇಷ್ಟೆಲ್ಲ ಈಗ ಯಾಕೆ ಎನ್ನುತ್ತೀರಾ? ನಾನು ಈ ಆಟ ಆಡುತ್ತಿದ್ದ 2025ರ ಆ ಬೇಸಿಗೆ ಎಂಥದ್ದೆಂದು ನಿಮಗೆಲ್ಲ ಗೊತ್ತು. ಜುಲೈ 19ರಂದು ಟಾಲಾದಲ್ಲಿ ಭಾರತೀಯನೊಬ್ಬನನ್ನು ಗುಂಪೊಂದು ಸುಳ್ಳು ಆರೋಪ ಹೊರಿಸಿ ಬಡಿಯಿತು. ಮತ್ತಷ್ಟು ಹಲ್ಲೆಗಳ ಸುದ್ದಿ ಬಂತು. ಆಗಸ್ಟ್ 1ರಂದು ಡಬ್ಲಿನ್ನಿನ ನಮ್ಮ ರಾಯಭಾರ ಕಚೇರಿ ‘ನಿರ್ಜನ ಜಾಗಗಳಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಹೋಗಬೇಡಿ’ ಎಂದು ಸೂಚನೆ ಹೊರಡಿಸಿತು. ಫೀನಿಕ್ಸ್ ಪಾರ್ಕಿನ ಫಾರ್ಮ್ಲಿಯಲ್ಲಿ ನಡೆಯಬೇಕಿದ್ದ ಇಂಡಿಯಾ ಡೇ ಮುಂದಕ್ಕೆ ಹೋಯಿತು. ಅಂದಿನ ರಾಷ್ಟ್ರಾಧ್ಯಕ್ಷ ಮೈಕೆಲ್ ಡಿ. ಹಿಗ್ಗಿನ್ಸ್ ಈ ಹಲ್ಲೆಗಳನ್ನು ಖಂಡಿಸಿ, ಭಾರತೀಯರು ಈ ದೇಶಕ್ಕೆ ಕೊಟ್ಟದ್ದನ್ನು ನೆನೆದರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ಒಂದೇ ಮಾತು: ಹುಷಾರು, ಹುಷಾರು.

ಅಂಥದೊಂದು ಸಂಜೆ, ಐದೂವರೆ ಇರಬಹುದು. ಆಫೀಸು ಬಿಟ್ಟು ಡಾರ್ಟ್ ಹಿಡಿಯಲು ಹೊರಟಿದ್ದೆ. ಫೋನಿನಲ್ಲಿ ಅಮ್ಮ. ಊರಲ್ಲಿ ಆಗ ರಾತ್ರಿ ಹತ್ತು, ಮಲಗುವ ಮುಂಚೆ ಮಗನ ದನಿ ಕೇಳಬೇಕು. ಡಾಕ್‌ನ ನೀರಿನ ಪಕ್ಕದಲ್ಲಿ ನಾಲ್ಕೈದು ಹುಡುಗರು ನನ್ನ ಕಡೆಗೇ ಬರುತ್ತಿದ್ದರು. ನನಗೆ ಗೊತ್ತಿಲ್ಲದೆಯೇ ನಾವೋಯೆ ಮೈಮೇಲೆ ಬಂದಳು. ಟೋಪಿ ಎಳೆದುಕೊಂಡೆ. ಗೋಡೆಯ ಕಡೆಗೆ ಸರಿದೆ. ಯಾವ ಕಡೆ ತಿರುಗಿದರೆ ಎಲ್ಲಿಗೆ ದಾರಿ ಎಂದು ಲೆಕ್ಕ ಹಾಕಿದೆ. ಕನ್ನಡವನ್ನು ಪಿಸುಮಾತಿಗೆ ಇಳಿಸಿದೆ. ಸುತ್ತ ನೋಡಿದರೆ ಅಡಗಲು ನೆರಳೂ ಇಲ್ಲ. ಐರ್ಲೆಂಡಿನ ಬೇಸಿಗೆ ಸ್ವಾಮಿ, ರಾತ್ರಿ ಒಂಬತ್ತರವರೆಗೂ ಬೆಳಕು!

ಹುಡುಗರು ಹತ್ತಿರ ಬಂದರು. ಮೈಯೆಲ್ಲ ಒದ್ದೆ. ಡಾಕ್‌ನ ನೀರಿಗೆ ಹಾರಿ ಆಡುತ್ತಿದ್ದವರು. ಒಬ್ಬ ಹಲ್ಲು ಕಟಕಟಿಸುತ್ತಾ ಟೈಮೆಷ್ಟು ಎಂದು ಕೇಳಿದ. ಹೇಳಿದೆ. ಥ್ಯಾಂಕ್ಸ್ ಎಂದು ಓಡಿದರು. ಫೋನಿನಲ್ಲಿ ಅಮ್ಮ, "ತಮಾ, ಎಂತಾ ಆತು? ಆರಾಮಿಲ್ಯನಾ?" ಎನ್ನುತ್ತಿದ್ದಳು.

ಏನೂ ಆಗಿರಲಿಲ್ಲ. ಆದರೆ ಏನೋ ಆಗಿತ್ತು. ಅಮ್ಮನ ಜೊತೆ ಅಮ್ಮನ ಭಾಷೆಯಲ್ಲಿ ಮಾತಾಡಲು ನಾನು ದನಿ ತಗ್ಗಿಸಿದ್ದೆ. ಬಾವಿಕಟ್ಟೆಗೆ ಎಲ್ಲರೂ ಹೋದ ಮೇಲೆ ಬರುತ್ತಿದ್ದ ಆ ಹುಡುಗ ಮೂವತ್ತು ವರ್ಷ ಆದಮೇಲೆ ನನಗೆ ಅರ್ಥವಾದ.

ನನ್ನ ಅನಿಸಿಕೆ ಇಷ್ಟೆ. ಅವಿತು ಆಡುವುದು ಆಟದಲ್ಲಿ ಶಕ್ತಿ. ಅಲ್ಲಿ ನೆರಳಿನಿಂದ ನೆರಳಿಗೆ ಸರಿದಷ್ಟೂ ಅಂಕ ಏರುತ್ತದೆ. ಬಾಳಿನಲ್ಲಿ ಅದು ತಿರುವುಮುರುವು. ಒಂದೊಂದು ಸಲ ಅಡಗಿದಾಗಲೂ ನಾವು ಒಂದಿಷ್ಟು ಚಿಕ್ಕದಾಗುತ್ತೇವೆ. ಇಂದು ದನಿ, ನಾಳೆ ಹಣೆಯ ಕುಂಕುಮ, ನಾಡಿದ್ದು ಮಗುವಿನ ಹೆಸರು. ಯಾರೂ ಕಿತ್ತುಕೊಳ್ಳುವ ಮೊದಲೇ ನಾವೇ ಕೊಟ್ಟುಬಿಡುತ್ತೇವೆ. ನಮ್ಮನ್ನು ನೋಡದ, ನಮ್ಮ ಮಾತು ಕೇಳದ ನೆರೆಯವನಿಗೆ ನಾವು ಎಂದೆಂದಿಗೂ ‘ಅವರು’ ಆಗಿಯೇ ಉಳಿಯುತ್ತೇವೆ.

"ಬರೆಯೋದು ಸುಲಭ, ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಮುಗಿಸಿ ಒಬ್ಬಳೇ ಬಸ್ಸಿಗೆ ಕಾಯೋ ನರ್ಸ್‌ಗೆ ಹೇಳಿ ನೋಡಿ" ಎಂದಳು ನನ್ನಾಕೆ, ಕರಡು ಓದಿ. ಸರಿಯಾದ ಮಾತು. ರಾಯಭಾರ ಕಚೇರಿಯ ಎಚ್ಚರಿಕೆಯೂ ಸರಿಯಾದದ್ದೇ. ಎಚ್ಚರಿಕೆ ಹೇಡಿತನವಲ್ಲ. ನಿರ್ಜನ ಗಲ್ಲಿಯಲ್ಲಿ ಎದೆಯುಬ್ಬಿಸಿ ನಡೆಯಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಯಾಸುಕೆಯ ಕತ್ತಿಯೂ ನಮಗೆ ಬೇಡ. ಬೇಕಾದದ್ದು ಅವನ ನಡಿಗೆ. ಒಬ್ಬರಿಗೆ ಆಗದ್ದು ಹತ್ತು ಜನರಿಗೆ ಆಗುತ್ತದೆ, ಸಂಘ ಇರುವುದು ಅದಕ್ಕೇ ಅಲ್ಲವೇ?

ಆದ್ದರಿಂದ ನಮ್ಮ ಸಮಿತಿಯವರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವ ಎಂದರೆ ಊರಾಚೆಯ ಹಾಲ್ ಒಂದರಲ್ಲಿ, ಬಾಗಿಲು ಹಾಕಿಕೊಂಡು, ನಾವೇ ಹಾಡಿ ನಾವೇ ಚಪ್ಪಾಳೆ ತಟ್ಟಿ, ಬಿಸಿಬೇಳೆ ಭಾತ್ ಉಂಡು ಬರುವುದಾಗಿದೆ. ಭಾತ್ ಬಗ್ಗೆ ನನ್ನ ತಕರಾರಿಲ್ಲ! ಆದರೆ ವರ್ಷಕ್ಕೊಂದು ಕಾರ್ಯಕ್ರಮವಾದರೂ ಬಯಲಿನಲ್ಲಿ, ಅನುಮತಿ ಪಡೆದು, ಹಗಲು ಬೆಳಕಿನಲ್ಲಿ ಆಗಲಿ. ಗ್ರ್ಯಾಂಡ್ ಕೆನಾಲ್ ಸ್ಕ್ವೇರ್‌ನ ಆ ಕೆಂಪು ಕಂಬಗಳ ನಡುವೆ ಒಂದು ಡೊಳ್ಳು ಮೊಳಗಲಿ. ಈ ಡಾಕ್ 1796ರಲ್ಲಿ ತೆರೆದದ್ದೇ ಹೊರಗಿನ ಹಡಗುಗಳು ಬಂದು ನಿಲ್ಲಲಿ ಎಂದು. ಒದ್ದೆ ಮೈಯ ಆ ಹುಡುಗರೂ ಬಂದು ನೋಡಲಿ. ಅವರಿಗೂ ಒಂದು ತಟ್ಟೆ ಭಾತ್ ಕೊಡೋಣ. ಖಾರ ಸ್ವಲ್ಪ ಕಡಿಮೆ ಇರಲಿ.

ಆಟ ಇನ್ನೂ ಮುಗಿಸಿಲ್ಲ. ಈಗೀಗ ಯಾಸುಕೆಯನ್ನೇ ಹೆಚ್ಚು ಆಡುತ್ತಿದ್ದೇನೆ, ಹಲಸಿನ ಹಣ್ಣಿನ ಹಾಗೆ ಬಿದ್ದೆದ್ದು. ಮತ್ತೆ ಸಂಜೆ ಐದೂವರೆಗೆ ಡಾಕ್‌ನ ಪಕ್ಕ ಯಾರಾದರೂ ಗಟ್ಟಿ ದನಿಯಲ್ಲಿ ಹವ್ಯಕ ಕನ್ನಡ ಮಾತಾಡುತ್ತಾ ಹೋಗುವುದು ಕೇಳಿಸಿದರೆ ಅದು ನಾನೇ. ನಿಲ್ಲಿಸಿ ಮಾತಾಡಿಸಿ. ಏನಂತೀರಿ?