ಬೋರ್‌ವೆಲ್ ನೀರಿಗೂ ಒಮ್ಮೆ ಬ್ಯುರೆಟ್ ಹಿಡಿಯಿರಿ

ಕಾಸರಗೋಡಿನಲ್ಲಿ ಪ್ಲಸ್ ಟು ಅಂತೀರಿ, ಆದೋನಿಯಲ್ಲಿ ಇಂಟರ್, ಅಕ್ಕಲಕೋಟೆಯಲ್ಲಿ ಬಾರಾವಿ. ಹೆಸರು ಏನೇ ಇರಲಿ, ಸೈನ್ಸ್ ತಗೊಂಡವರೆಲ್ಲ ಒಂದು ದಿನ ಬ್ಯುರೆಟ್ ಮುಂದೆ ನಿಂತವರೇ. ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಡೋದು, ಬಣ್ಣ ಬದಲಾದ ಕೂಡಲೇ ನಿಲ್ಲಿಸೋದು, ಎಷ್ಟು ಖರ್ಚಾಯಿತು ಅನ್ನೋದರಿಂದ ಗೊತ್ತಿಲ್ಲದ ದ್ರಾವಣದ ಸಾಂದ್ರತೆ ಲೆಕ್ಕ ಹಾಕೋದು. ಪುಸ್ತಕದಲ್ಲಿ ಅನುಮಾಪನ, ಎಲ್ಲರ ಬಾಯಲ್ಲಿ ಟೈಟ್ರೇಷನ್.

ಈ ವಿಧಾನದ ಜೀವ ಇರೋದು ‘ಗೊತ್ತಿಲ್ಲದ’ ಅನ್ನೋ ಮಾತಿನಲ್ಲಿ. ನಮ್ಮ ಎಷ್ಟೋ ಲ್ಯಾಬ್‌ಗಳಲ್ಲಿ ಅದೇ ಕಾಣೆಯಾಗಿದೆ. ಆಕ್ಸಾಲಿಕ್ ಆಮ್ಲ, ಪರ್ಮಾಂಗನೇಟ್. ಉತ್ತರ ಮೇಷ್ಟ್ರಿಗೆ ಗೊತ್ತು, ಸೀನಿಯರ್‌ಗಳ ರೆಕಾರ್ಡಿನಲ್ಲೂ ಇದೆ. ಮೊದಲ ರೀಡಿಂಗ್ ಹೇಗೋ ತೆಗೆದು, ಉಳಿದೆರಡನ್ನು ಅದಕ್ಕೆ ಹೊಂದಿಸಿ ಬರೆದರೆ ಮಾರ್ಕ್ಸ್ ಬಂತು. ಆಮೇಲೆ ಬ್ಯುರೆಟ್ ಕಡೆ ಯಾರೂ ತಿರುಗಿ ನೋಡಲ್ಲ.

ಆದರೆ ಉತ್ತರ ಯಾರಿಗೂ ಗೊತ್ತಿಲ್ಲದ ದ್ರಾವಣ ನಿಮ್ಮ ಊರಲ್ಲೇ ಇದೆ: ಬೋರ್‌ವೆಲ್ ನೀರು. ಕಾಸರಗೋಡಿನ ಮುರಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೆದು. ರಾಯದುರ್ಗ, ಮಡಕಶಿರಾ ಕಡೆಯ ಬಂಡೆ ಕೊರೆದ ಬೋರಿನ ನೀರು ಹಾಗಲ್ಲ. ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ, ಪಾತ್ರೆ ತಳದಲ್ಲಿ ಬಿಳಿ ಪೊರೆ. ಕಾರಣ ನೀರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ನೀರು ಗಡಸು ಅಂತ ಎಲ್ಲರೂ ಹೇಳ್ತಾರೆ, ಎಷ್ಟು ಗಡಸು ಅಂತ ಕೇಳಿದರೆ ಸುಮ್ಮನಾಗ್ತಾರೆ.

ಆ ಮೌನವನ್ನೇ ಬಂಡವಾಳ ಮಾಡಿಕೊಂಡು ಫಿಲ್ಟರ್ ಮಾರುವವನು ಮನೆಗೆ ಬರ್ತಾನೆ. ಎರಡು ಗ್ಲಾಸ್ ಇಡ್ತಾನೆ, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಕಡ್ಡಿಗಳನ್ನು ಮುಳುಗಿಸಿ ಕರೆಂಟ್ ಕೊಟ್ಟರೆ ನಿಮ್ಮ ನೀರು ಕೆಸರಾಗುತ್ತೆ. ಅಮ್ಮ ಹೆದರಿ ಕಂತಿಗೆ ಸಹಿ ಹಾಕ್ತಾರೆ. ಆ ಕಂದು ಕೆಸರು ಬಂದದ್ದು ಅವನ ಕಬ್ಬಿಣದ ಕಡ್ಡಿಯಿಂದಲೇ. ನೀರಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತೆ, ಕಡ್ಡಿ ಕರಗುತ್ತೆ. ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡು ಅನ್ನಿ, ಅದೂ ಕೆಸರಾಗುತ್ತೆ. ಅವನ ಜೇಬಿನ ಟಿಡಿಎಸ್ ಮೀಟರ್ ಕೂಡ ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ಒಟ್ಟು ಲವಣದ ಅಂದಾಜು ಹೇಳುತ್ತೆ ಅಷ್ಟೆ. ಅದರಲ್ಲಿ ಗಡಸುತನದ ಪಾಲು ಎಷ್ಟು ಅಂತ ಅದಕ್ಕೆ ಗೊತ್ತಾಗಲ್ಲ.

ಬ್ಯುರೆಟ್‌ಗೆ ಗೊತ್ತಾಗುತ್ತೆ. ಪಿಪೆಟ್‌ನಲ್ಲಿ 50 ಮಿಲಿ ನೀರು ಅಳೆದು ಕೋನಿಕಲ್ ಫ್ಲಾಸ್ಕ್‌ಗೆ ಹಾಕಿ. ಪಿಎಚ್ 10ರ ಅಮೋನಿಯಾ ಬಫರ್ 1–2 ಮಿಲಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಸೂಚಕ ಚೂರು. ನೀರು ದ್ರಾಕ್ಷಿರಸದ ಕೆಂಪಾಗುತ್ತೆ. ಬ್ಯುರೆಟ್‌ನಲ್ಲಿ 0.01 ಮೋಲಾರ್ ಇಡಿಟಿಎ. ಅದರ ಡೈಸೋಡಿಯಂ ಲವಣ 3.72 ಗ್ರಾಂ ಕರಗಿಸಿ ಒಂದು ಲೀಟರಿಗೆ ತಂದರೆ ಆಯಿತು. ಇಡಿಟಿಎ ಒಂದೊಂದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನನ್ನು ಹಿಡಿದುಕೊಳ್ತಾ ಹೋಗುತ್ತೆ. ಕೆಂಪು ನೇರಳೆಗೆ ತಿರುಗಿದಾಗ ಕೈ ನಿಧಾನ ಮಾಡಿ, ಇಲ್ಲಿ ಪ್ರತಿಕ್ರಿಯೆಯೇ ನಿಧಾನ. ಒಂದು ಹನಿ, ಅಲುಗಾಡಿಸಿ, ಮತ್ತೊಂದು ಹನಿ. ಕೆಂಪಿನ ಛಾಯೆ ಪೂರ್ತಿ ಹೋಗಿ ಅಪ್ಪಟ ನೀಲಿ ಬಂತೋ, ಅದೇ ಎಂಡ್ ಪಾಯಿಂಟ್.

ಲೆಕ್ಕ ಸುಲಭ. ಈ ಇಡಿಟಿಎ 1 ಮಿಲಿ ಅಂದರೆ 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. 18.6 ಮಿಲಿ ಖರ್ಚಾದರೆ 50 ಮಿಲಿಯಲ್ಲಿ 18.6 ಮಿಲಿಗ್ರಾಂ, ಲೀಟರಿಗೆ 372. ಎರಡು ರೀಡಿಂಗ್ 0.1 ಮಿಲಿ ಒಳಗೆ ಹೊಂದುವವರೆಗೆ ಮತ್ತೆ ಮಾಡಿ. ಇಲ್ಲಿ ನಕಲು ಹೊಡೆಯೋಕೆ ಯಾರ ರೆಕಾರ್ಡೂ ಇಲ್ಲ ನೋಡಿ!

ಇದಕ್ಕೆ ಹಳೆಯ ದಾರಿಯೂ ಇತ್ತು. 1841ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಸೋಪಿನ ದ್ರಾವಣವನ್ನೇ ಅಳೆದು ಹಾಕಿ, ಕುಲುಕಿ, ನೊರೆ ನಿಲ್ಲುವವರೆಗೆ ಎಷ್ಟು ಬೇಕಾಯಿತು ಅಂತ ನೋಡುವ ವಿಧಾನ ಕೊಟ್ಟ. ಬಟ್ಟೆ ಒಗೆಯೋ ಕಲ್ಲಿನ ಮೇಲೆ ನಮ್ಮ ಅಜ್ಜಿಯರು ಮಾಡಿದ್ದೂ ಹೆಚ್ಚುಕಮ್ಮಿ ಅದೇ, ಬರೆದಿಡಲಿಲ್ಲ ಅಷ್ಟೆ.

ಬಂದ ಅಂಕಿಯನ್ನು ಏನು ಮಾಡೋದು? ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ. ಅಂದರೆ 372 ಬಂದ ಮನೆಯವರು ಗಾಬರಿಯಾಗಿ ಸಾಲ ಮಾಡಬೇಕಿಲ್ಲ. 800 ಬಂದರೆ ಪಂಚಾಯಿತಿಗೆ ಅರ್ಜಿ ಕೊಡಿ, ಜೊತೆಗೆ ಮೂರು ರೀಡಿಂಗ್‌ನ ಟೇಬಲ್ ಲಗತ್ತಿಸಿ. ‘ನೀರು ಸರಿ ಇಲ್ಲ ಸಾರ್’ ಅನ್ನೋ ಅರ್ಜಿಯನ್ನು ಪಕ್ಕಕ್ಕಿಡೋದು ಸುಲಭ, ದಿನಾಂಕ, ಅಂಕಿ ಇರುವ ಅರ್ಜಿಗೆ ಏನಾದರೂ ಉತ್ತರ ಬರೆಯಬೇಕಾಗುತ್ತೆ. ಅವರು ಬೇಕಾದರೆ ಸರ್ಕಾರಿ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಲಿ, ನಮಗೂ ಬೇಕಾಗಿರೋದು ಅದೇ.

ಒಂದು ಮಾತ್ರ ನೆನಪಿರಲಿ. ಈ ಟೈಟ್ರೇಷನ್ ಫ್ಲೋರೈಡ್ ಬಗ್ಗೆ ಏನೂ ಹೇಳಲ್ಲ. ಹಳೇ ಅನಂತಪುರ ಜಿಲ್ಲೆಯಂಥ ಕಡೆ ಹಲ್ಲು, ಮೂಳೆ ಹಾಳು ಮಾಡಿರೋದು ಅದು. ನೀರು ಮೆದುವಾಗಿದ್ದೂ ಫ್ಲೋರೈಡ್ ಹೆಚ್ಚಿರಬಹುದು. ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ಅದಕ್ಕೆ ಬೇರೆ ಪರೀಕ್ಷೆ ಬೇಕು, ನೀರನ್ನು ಲ್ಯಾಬಿಗೇ ಕಳಿಸಬೇಕು.

ಈ ಬೇಸಿಗೆಯಲ್ಲಿ ಶುರು ಮಾಡಿ. ಕೆಮಿಸ್ಟ್ರಿ ಮೇಷ್ಟ್ರನ್ನೋ ಟೀಚರನ್ನೋ ಕೇಳಿ, ಒಂದು ಮಧ್ಯಾಹ್ನ ಲ್ಯಾಬ್ ಬಿಟ್ಟುಕೊಟ್ಟರೆ ಸಾಕು. ಬೋರ್ ಐದು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಲ್ಲಿ ಎರಡು ಸಲ ತೊಳೆದು ತುಂಬಿ, ಯಾವ ಬೋರು, ಯಾವ ದಿನ ಅಂತ ಚೀಟಿ ಅಂಟಿಸಿ. ಮಳೆಗಾಲ ಮುಗಿದ ಮೇಲೆ ಅದೇ ಬೋರಿನಿಂದ ಇನ್ನೊಂದು ಬಾಟಲಿ ತನ್ನಿ.