ನಡುವೆ ನಿಂತ ಲಿಫ್ಟು

ನಾಲ್ಕು ಜನ ಹೆಂಗಸರು ಒಂದು ಕಡೆ ಸೇರಿದರೆ ಧಾರಾವಾಹಿಯ ಮಾತು ಬಾರದೆ ಇರುವುದುಂಟೆ? "ಆವತ್ತಿನ ಕಂತು ನೋಡಿದಿರಾ?" ಅಂತ ಒಬ್ಬರು ಶುರು ಮಾಡಿದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ಗೊತ್ತಾಗುವುದಿಲ್ಲ. ಇದು ನಮಗೆ ಮಾತ್ರ ಅಂಟಿದ ಚಟ ಅಂದುಕೊಳ್ಳಬೇಡಿ, ಸೋದರಿಯರೇ. ಗಂಭೀರ ಸ್ವಭಾವದವರೆಂದು ಹೆಸರಾದ ಇಂಗ್ಲೆಂಡಿನ ಜನ, ಅದರಲ್ಲೂ ಅಲ್ಲಿನ ಗಂಡಸರು, ಒಂದು ಹಾಸ್ಯ ಧಾರಾವಾಹಿಯ ಯಾವ ಕಂತು ಹೆಚ್ಚು ಚೆಂದ ಅಂತ ವರ್ಷಗಟ್ಟಲೆ ವಾದ ಮಾಡಿಕೊಂಡು ಬಂದಿದ್ದಾರೆ. ಅದಕ್ಕಾಗಿ ಅಭಿಮಾನಿಗಳ ಸಂಘ ಕಟ್ಟಿಕೊಂಡು ಸಮಾವೇಶ ನಡೆಸಿದ್ದೂ ಉಂಟು!

ಧಾರಾವಾಹಿಯ ಹೆಸರು 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್'. ಮೈಮುರಿದು ದುಡಿಯುವವರು ಮೂಢರು ಮತ್ತು ಕುದುರೆಗಳು ಮಾತ್ರ ಅಂತ ಅರ್ಥ ಬರುವ ಒಂದು ಹಳೇ ಮಾತಿನಿಂದ ಈ ಹೆಸರು ಬಂದದ್ದು. ಬಿಬಿಸಿಯಲ್ಲಿ 1981ರ ಸೆಪ್ಟೆಂಬರ್ 8ರಂದು ಶುರುವಾಗಿ 2003ರ ಕ್ರಿಸ್‌ಮಸ್ ದಿನ ಮುಗಿಯಿತು. ಎಲ್ಲಾ ಸೇರಿ 64 ಕಂತು. 2004ರಲ್ಲಿ ಬಿಬಿಸಿಯವರು, ಬ್ರಿಟನ್ನಿನ ಅತ್ಯುತ್ತಮ ಹಾಸ್ಯ ಧಾರಾವಾಹಿ ಯಾವುದು ಅಂತ ಜನರ ಮತ ಕೇಳಿದಾಗ ಮೊದಲ ಸ್ಥಾನ ಇದಕ್ಕೇ ಬಂತು. ನನ್ನ ನಾದಿನಿಯ ಮಗ ಅಲ್ಲಿಂದ ಬರುವಾಗ ಡಿಸ್ಕುಗಳನ್ನು ತಂದುಕೊಟ್ಟಿದ್ದ. ನನ್ನ ಇಂಗ್ಲಿಷು ಹೈಸ್ಕೂಲಿನಷ್ಟೇ. ಪರದೆಯ ಕೆಳಗೆ ಅಕ್ಷರ ಬರುತ್ತದಲ್ಲ, ಅದನ್ನು ಓದಿಕೊಂಡು ಮಧ್ಯಾಹ್ನದ ಹೊತ್ತು ಒಂದೊಂದಾಗಿ ಅಷ್ಟನ್ನೂ ನೋಡಿ ಮುಗಿಸಿದೆ.

ಕಥೆ ಇಷ್ಟು. ಲಂಡನ್ನಿನ ಪೆಕಮ್ ಎಂಬ ಬಡ ಬಡಾವಣೆ. ಸರ್ಕಾರಿ ವಸತಿಯ ಎತ್ತರದ ಕಟ್ಟಡವೊಂದರಲ್ಲಿ ಅಣ್ಣ ಡೆಲ್, ತಮ್ಮ ರಾಡ್ನಿ, ಮುದಿ ತಾತ, ಹೀಗೆ ಮೂರು ಗಂಡಸರ ಸಂಸಾರ. ತಾಯಿ ತೀರಿಕೊಂಡಿದ್ದಾಳೆ. ತಂದೆ ಮನೆ ಬಿಟ್ಟು ಹೋಗಿದ್ದಾನೆ. ಹದಿಹರೆಯದ ಹುಡುಗ ಡೆಲ್ಲೇ ಪುಟ್ಟ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದಾನೆ. ಮೂರು ಗಾಲಿಯ ಹಳದಿ ವ್ಯಾನಿನಲ್ಲಿ ಹಾಳುಮೂಳು ಸಾಮಾನು ತುಂಬಿಕೊಂಡು ಹೋಗಿ ಮಾರುವುದೇ ಅವನ ವ್ಯಾಪಾರ. ಮುಂದಿನ ವರ್ಷ ಇಷ್ಟು ಹೊತ್ತಿಗೆ ನಾವು ಲಕ್ಷಾಧೀಶ್ವರರು ಅನ್ನುವುದು ಅವನ ಪಲ್ಲವಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಅವನ ಕಿವಿಗೆ ಬಿದ್ದೇ ಇಲ್ಲ!

ಮೆಚ್ಚಿನ ಕಂತು ಯಾವುದು ಅಂತ ಕೇಳಿದ ಕೂಡಲೇ ಬಹಳ ಮಂದಿ ಹೇಳುವುದು ಬಿದ್ದ ಕಂತುಗಳನ್ನೇ. 1989ರ 'ಯಪ್ಪಿ ಲವ್' ಅದರಲ್ಲಿ ಮೊದಲನೆಯದು. ಆಗ ಲಂಡನ್ನಿನಲ್ಲಿ ಕೈತುಂಬ ಸಂಬಳದ ಹೊಸ ಹುಡುಗರ ಕಾಲ. ಡೆಲ್ ಕೂಡ ಅವರ ಹಾಗೆ ಕೋಟು ಹಾಕಿ, ಪೆಟ್ಟಿಗೆ ಹಿಡಿದು, ಒಂದು ಠೀವಿಯ ಮದ್ಯದಂಗಡಿಗೆ ಹೋಗುತ್ತಾನೆ. ಜೊತೆಗೆ ಗೆಳೆಯ ಟ್ರಿಗರ್. ಇಬ್ಬರು ಹುಡುಗಿಯರು ನೋಡುತ್ತಿದ್ದಾರೆ ಅಂತ ಗತ್ತಿನಿಂದ ಕಟ್ಟೆಗೆ ಒರಗಲು ಹೋಗುತ್ತಾನೆ. ಅಷ್ಟರಲ್ಲಿ ಅಂಗಡಿಯವನು ಆ ಹಲಗೆಯನ್ನು ಎತ್ತಿ ಆಚೆ ಬಂದಿರುತ್ತಾನೆ. ಡೆಲ್ ಕಡಿದ ಬಾಳೆಗಿಡದ ಹಾಗೆ ಮಗ್ಗುಲಾಗಿ ನೆಲಕ್ಕೆ! ಇಂಥದೇ ಒಂದು ಪ್ರಸಂಗವನ್ನು ಬರಹಗಾರ ಜಾನ್ ಸಲಿವನ್ ನಿಜವಾಗಿಯೂ ಕಂಡಿದ್ದರಂತೆ. ಆದರೆ ಅವರು ಕಂಡ ಮನುಷ್ಯ ಬೀಳುವ ಮೊದಲೇ ಸಾವರಿಸಿಕೊಂಡಿದ್ದ. ಡೆಲ್ ಪಾತ್ರದ ಡೇವಿಡ್ ಜೇಸನ್, ಪೂರ್ತಿ ಬಿದ್ದರೇ ಚೆಂದ ಅಂದರು. ಕೈ ಊರದೆ, ಬೀಳುವ ಕಡೆ ಕಣ್ಣು ಕೂಡ ಹಾಯಿಸದೆ ಬಿದ್ದರು. ಹಾಗೆ ಬೀಳುವುದು ಎಷ್ಟು ಕಷ್ಟ ಅಂತ ಒಮ್ಮೆ ಯೋಚಿಸಿ. ಟ್ರಿಗರ್ ತಿರುಗಿ ನೋಡಿ, ಇವನೆಲ್ಲಿ ಹೋದ ಅಂತ ಕಣ್ಣು ಕಣ್ಣು ಬಿಡುತ್ತಾನಲ್ಲ, ನನಗೆ ಬಿದ್ದವನಿಗಿಂತ ಅವನ ಮುಖವೇ ಹೆಚ್ಚು ನಗು ತರಿಸಿತು.

ಎರಡನೆಯದು 1982ರ 'ಎ ಟಚ್ ಆಫ್ ಗ್ಲಾಸ್'. ಲಾರ್ಡ್ ಒಬ್ಬರ ಬಂಗಲೆಯಲ್ಲಿ ಗಾಜಿನ ತೂಗುದೀಪ ತೊಳೆದುಕೊಡುತ್ತೇವೆ ಅಂತ ಡೆಲ್ ಒಪ್ಪಿಕೊಂಡಿದ್ದಾನೆ. ಅಣ್ಣತಮ್ಮಂದಿರು ಏಣಿ ಹತ್ತಿ, ಒಂದು ದೀಪದ ಕೆಳಗೆ ಬಟ್ಟೆ ಹಿಡಿದು ಉಸಿರು ಬಿಗಿಹಿಡಿದಿದ್ದಾರೆ. ಮಹಡಿಯ ಮೇಲೆ ತಾತ ತಿರುಪು ಬಿಚ್ಚುತ್ತಿದ್ದಾನೆ. ಬಿಚ್ಚಿದ್ದು ಯಾವ ದೀಪದ ತಿರುಪು ಗೊತ್ತೇ? ಪಕ್ಕದ ದೀಪದ್ದು! ಪ್ಲಂಬರ್ ಕೆಲಸ ಮಾಡುತ್ತಿದ್ದ ಸಲಿವನ್ನರ ತಂದೆ, ತಾವು ಕೆಲಸಕ್ಕೆ ಹೋದ ದೊಡ್ಡ ಮನೆಯೊಂದರಲ್ಲಿ ಹೀಗೇ ಆದದ್ದನ್ನು ಮಗನಿಗೆ ಹೇಳಿದ್ದರು. ಅಪ್ಪನ ಕಥೆ ಮಗನ ಲೇಖನಿಯಿಂದ ದೇಶವನ್ನೇ ನಗಿಸಿತು.

1996ರ ಕ್ರಿಸ್‌ಮಸ್ಸಿಗೆ ಬಂದ ಮೂರು ಕಂತುಗಳ ಮೊದಲನೆಯದರಲ್ಲಿ ಅಣ್ಣತಮ್ಮಂದಿರು ಬ್ಯಾಟ್‌ಮನ್, ರಾಬಿನ್ ವೇಷ ಹಾಕಿಕೊಂಡು ಮಂಜಿನ ರಾತ್ರಿಯಲ್ಲಿ ಓಡುತ್ತಾರೆ. ವೇಷದ ಔತಣ ಅಂತ ಹೋದರೆ ಅದು ಸಾವಿನ ಮನೆ! ಅದೇ ಕಂತಿನಲ್ಲಿ ಬೀದಿ ಗುಡಿಸುವ ಟ್ರಿಗರ್, ಇಪ್ಪತ್ತು ವರ್ಷದಿಂದ ಒಂದೇ ಪೊರಕೆ ಇಟ್ಟುಕೊಂಡಿದ್ದೇನೆ ಅಂತ ಹೆಮ್ಮೆಪಡುತ್ತಾನೆ. ಅದಕ್ಕೆ 17 ಸಲ ಹೊಸ ತಲೆ, 14 ಸಲ ಹೊಸ ಹಿಡಿ ಹಾಕಿಸಿದ್ದಾನೆ, ಅಷ್ಟೆ. ನಗಬೇಡಿ, ನಮ್ಮ ಮನೆಯ ಈಳಿಗೆಮಣೆಯದೂ ಹೆಚ್ಚುಕಡಿಮೆ ಇದೇ ಕಥೆ.

ಇಷ್ಟು ನಗು ಮುಗಿದ ಮೇಲೆ ಈ ಅಭಿಮಾನಿಗಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಬೇರೆ ಕಂತುಗಳ ಮಾತು ಬರುತ್ತದೆ, ಅಳಿಸಿದ ಕಂತುಗಳದ್ದು. ನನಗೆ ಈ ಧಾರಾವಾಹಿ ಹತ್ತಿರವಾದದ್ದು ಅಲ್ಲಿಂದಲೇ.

1984ರ ಡಿಸೆಂಬರಿನಲ್ಲಿ, ಚಿತ್ರೀಕರಣ ನಡೆಯುತ್ತಿರುವಾಗಲೇ, ತಾತನ ಪಾತ್ರದ ಲೆನರ್ಡ್ ಪಿಯರ್ಸ್ ತೀರಿಕೊಂಡರು. ಅದೇ ಪಾತ್ರಕ್ಕೆ ಬೇರೊಬ್ಬರನ್ನು ಕೂರಿಸಬಹುದಿತ್ತು. ಎಷ್ಟೋ ಧಾರಾವಾಹಿಗಳಲ್ಲಿ ಹಾಗೆ ಮಾಡುತ್ತಾರೆ. ಸಲಿವನ್ ಒಪ್ಪಲಿಲ್ಲ. ಕಥೆಯಲ್ಲೂ ತಾತನನ್ನು ಸಾಯಿಸಿ, ಮಣ್ಣು ಮಾಡುವ ಕಂತನ್ನೇ ಬರೆದರು. 1985ರ ಫೆಬ್ರವರಿ 28ರಂದು ಬಂದ ಆ ಕಂತಿನ ಹೆಸರು 'ಸ್ಟ್ರೇನ್ಡ್ ರಿಲೇಷನ್ಸ್'. ತಾತ ಸದಾ ಹಾಕಿಕೊಳ್ಳುತ್ತಿದ್ದ ಟೋಪಿ ಅಂದುಕೊಂಡು ಒಂದು ಟೋಪಿಯನ್ನು ಕುಣಿಯೊಳಗೆ ಹಾಕುತ್ತಾರೆ. ಎಲ್ಲಾ ಮುಗಿದ ಮೇಲೆ ಪಾದ್ರಿಯವರು ತಮ್ಮ ಟೋಪಿ ಕಾಣುತ್ತಿಲ್ಲ ಅಂತ ಹುಡುಕಾಡುತ್ತಾರೆ! ಕಣ್ಣಲ್ಲಿ ನೀರು ಇರುವಾಗಲೇ ನಗು ನುಗ್ಗುತ್ತದೆ. ಮನೆಗೆ ಬಂದ ಮೇಲೆ ರಾಡ್ನಿಗೆ ಸಿಟ್ಟು: ಇಷ್ಟು ಬೇಗ ಏನೂ ಆಗದವನ ಹಾಗೆ ಹೇಗಿದ್ದೀಯ ಅಂತ. ಆಗ ಡೆಲ್ ಬಾಯಿ ಬಿಡುತ್ತಾನೆ. ಚಿಕ್ಕಂದಿನಿಂದ ಎಲ್ಲರ ಮುಂದೆ ಗಟ್ಟಿಯಾಗಿ ನಿಂತು ನಿಂತು, ದುಃಖಪಡುವುದು ಹೇಗೆ ಅನ್ನುವುದೇ ಅವನಿಗೆ ಮರೆತುಹೋಗಿದೆ. ಮನೆಗೆ ದೊಡ್ಡ ಮಗಳಾಗಿ ಹುಟ್ಟಿದ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ತಾತನ ತಮ್ಮ, ಹಡಗಿನಲ್ಲಿದ್ದ ಆಲ್ಬರ್ಟ್ ಚಿಕ್ಕತಾತ, ಆ ಮನೆ ಸೇರುತ್ತಾನೆ. ಆ ಪಾತ್ರ ಮಾಡಿದ ಬಸ್ಟರ್ ಮೆರಿಫೀಲ್ಡ್ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಮೇಲೆ ನಟನೆಯನ್ನೇ ಕಸುಬಾಗಿ ಮಾಡಿಕೊಂಡವರು. ನಮಗೆ ವಯಸ್ಸಾಯಿತು ಅನ್ನುವವರು ಗಮನಿಸಿ!

ಈಗ ನನ್ನ ಮೆಚ್ಚಿನ ಕಂತಿಗೆ ಬರುತ್ತೇನೆ. 1996ರ ಡಿಸೆಂಬರ್ 27ರ ಕಂತಿನಲ್ಲಿ ರಾಡ್ನಿಯ ಹೆಂಡತಿ ಕಸಾಂಡ್ರಾಳಿಗೆ ಗರ್ಭ ನಿಲ್ಲದೆ ಹೋಗುತ್ತದೆ. ಬಹಳ ಆಸೆಪಟ್ಟು ಕಾದಿದ್ದ ಬಸಿರು. ಹಾಸ್ಯ ಧಾರಾವಾಹಿಯಲ್ಲಿ ಇಂಥ ವಿಷಯ, ಅದೂ ಹಬ್ಬದ ವಾರದಲ್ಲಿ! ಬೇರೆಯವರಾಗಿದ್ದರೆ ಮುಂದಿನ ಕಂತಿಗೆ ಮರೆತುಬಿಡುತ್ತಿದ್ದರು. ಎರಡು ದಿನ ಬಿಟ್ಟು ಬಂದ 'ಟೈಮ್ ಆನ್ ಅವರ್ ಹ್ಯಾಂಡ್ಸ್' ಆ ದುಃಖವನ್ನೇ ಕೈಹಿಡಿದು ಶುರುವಾಗುತ್ತದೆ. ಕಸಾಂಡ್ರಾಳಿಗೆ ಗಂಡನ ಹತ್ತಿರ ಆ ಮಾತು ಆಡಬೇಕು. ರಾಡ್ನಿಯ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

ಆ ಕಟ್ಟಡದ ಲಿಫ್ಟು ಆಗಾಗ ಕೆಟ್ಟು ನಿಲ್ಲುವುದು ಮೊದಲಿನಿಂದಲೂ ಬಂದ ತಮಾಷೆ. ಒಂದು ದಿನ ಅಣ್ಣತಮ್ಮಂದಿರು ಮೇಲೆ ಹೋಗುವಾಗ ಅದು ನಡುವೆ ನಿಂತುಬಿಡುತ್ತದೆ. ಹೊರಗೆ ಹೋಗುವ ಹಾಗಿಲ್ಲ, ಮಾತು ತಪ್ಪಿಸಿಕೊಳ್ಳುವ ಹಾಗಿಲ್ಲ. ಡೆಲ್ ಮೆಲ್ಲಗೆ ಮಾತು ತೆಗೆಯುತ್ತಾನೆ. ಆ ನಾಲ್ಕು ಗೋಡೆಗಳ ನಡುವೆ, ಹುಟ್ಟದೆ ಹೋದ ಮಗುವಿನ ವಿಷಯ ರಾಡ್ನಿಯ ಬಾಯಿಂದ ಕೊನೆಗೂ ಹೊರಬರುತ್ತದೆ. ಎಲ್ಲಾ ಹೇಳಿ ಮುಗಿಸಿದ ಮೇಲೆ ಡೆಲ್ ಗುಂಡಿ ಒತ್ತುತ್ತಾನೆ, ಲಿಫ್ಟು ಹೊರಡುತ್ತದೆ. ಅದು ಕೆಟ್ಟೇ ಇರಲಿಲ್ಲ, ಸೋದರಿಯರೇ! ತಮ್ಮ ಮಾತಾಡಲಿ ಅಂತ ಅಣ್ಣನೇ ನಿಲ್ಲಿಸಿದ್ದು.

ಅದೇ ಕಂತಿನಲ್ಲಿ ಬೀಗರ ಊಟದ ಪ್ರಸಂಗವೂ ಇದೆ. ಡೆಲ್‌ನ ಸಂಗಾತಿ ರಾಕೆಲ್‌ಳ ಅಪ್ಪ ಅಮ್ಮ ಬಂದಿದ್ದಾರೆ. ಆಲ್ಬರ್ಟ್ ಚಿಕ್ಕತಾತ ಕಾಫಿಪುಡಿಯ ಡಬ್ಬಿಗೂ ಮಾಂಸದ ಸಾರಿನ ಪುಡಿಯ ಡಬ್ಬಿಗೂ ಅದಲು ಬದಲು ಮಾಡಿ, ಮಾಂಸದ ಮೇಲೆ ಕಾಫಿ, ಬಟ್ಟಲಿನಲ್ಲಿ ಸಾರು! ಮಾರನೆಯ ದಿನ ರಾಕೆಲ್‌ಳ ಅಪ್ಪನಿಗೆ ಡೆಲ್‌ನ ಗ್ಯಾರೇಜಿನ ಕಸದಲ್ಲಿ ಒಂದು ಹಳೇ ಗಡಿಯಾರ ಕಣ್ಣಿಗೆ ಬೀಳುತ್ತದೆ. ನೋಡಿದರೆ ಅದು ಹದಿನೆಂಟನೇ ಶತಮಾನದಲ್ಲಿ ನಾವಿಕರಿಗಾಗಿ ಗಡಿಯಾರ ಮಾಡಿದ ಜಾನ್ ಹ್ಯಾರಿಸನ್ನನ ಕೈಕೆಲಸ ಅನ್ನುವುದು ಕಥೆ. ಹರಾಜಿನಲ್ಲಿ 62 ಲಕ್ಷ ಪೌಂಡು! ಮುಂದಿನ ವರ್ಷ ಮುಂದಿನ ವರ್ಷ ಅನ್ನುತ್ತಿದ್ದವನು ಮೂರ್ಛೆ ಹೋದ. ಆ ರಾತ್ರಿ 2 ಕೋಟಿ 43 ಲಕ್ಷ ಜನ ಈ ಕಂತು ನೋಡಿದರು. ಬ್ರಿಟನ್ನಿನ ಯಾವ ಹಾಸ್ಯ ಧಾರಾವಾಹಿಗೂ ಅದುವರೆಗೆ ಅಷ್ಟು ಜನ ಸೇರಿರಲಿಲ್ಲ. ಕೊನೆಗೆ ಮೂವರೂ ಮುಳುಗುವ ಸೂರ್ಯನ ಕಡೆಗೆ ನಡೆದು ಹೋಗುತ್ತಾರೆ.

ಅಭಿಮಾನಿಗಳ ದೊಡ್ಡ ಜಗಳ ಇಲ್ಲೇ. ಕಥೆ ಅಲ್ಲಿಗೇ ಮುಗಿಯಬೇಕಿತ್ತು ಅನ್ನುವವರು ಬಹಳ. 2001, 2002, 2003ರ ಕ್ರಿಸ್‌ಮಸ್ಸಿಗೆ ಮತ್ತೆ ಮೂರು ಕಂತು ಬಂದವು. ಬಂದ ಹಣವೆಲ್ಲ ಹೋಗಿ, ಅವರು ಮತ್ತೆ ಆ ಹಳೇ ಮನೆಗೇ ಬಂದಿದ್ದರು. ಮೆರಿಫೀಲ್ಡ್ 1999ರಲ್ಲೇ ತೀರಿಕೊಂಡಿದ್ದರು. ಮೊದಲಿನಷ್ಟು ನಗು ಇರಲಿಲ್ಲ ಅನ್ನುವುದು ನಿಜ, ನಾನೂ ಒಪ್ಪುತ್ತೇನೆ. ಆದರೂ ನನ್ನ ಮತ ಆ ಕಡೆಗಿಲ್ಲ. ಯಾಕೆ ಅಂತೀರಾ? 2003ರ ಕೊನೆಯ ಕಂತಿನಲ್ಲಿ ಕಸಾಂಡ್ರಾಳಿಗೆ ಹೆಣ್ಣು ಮಗು ಹುಟ್ಟುತ್ತದೆ. ಅದಕ್ಕೆ ಇಟ್ಟ ಹೆಸರು ಜೋನ್, ಅಂದರೆ ತೀರಿಹೋದ ಆ ತಾಯಿಯ ಹೆಸರು. 1996ಕ್ಕೇ ಮುಗಿಸಿದ್ದರೆ ಅಣ್ಣತಮ್ಮಂದಿರಿಗೆ ಹಣ ಸಿಗುತ್ತಿತ್ತು, ಸರಿ, ಕಸಾಂಡ್ರಾಳ ಮಡಿಲು? ಗಡಿಯಾರ ಸಿಕ್ಕಿತು ಅಂತ ಸಂತೋಷಪಟ್ಟು ಎದ್ದು ಹೋಗುವವರು ಅವಳನ್ನು ಮರೆತೇಬಿಡುತ್ತಾರೆ. ಸಲಿವನ್ ಮರೆಯಲಿಲ್ಲ. ಆ ದೊಡ್ಡ ಮನಸ್ಸಿನ ಬರಹಗಾರ, ಹದಿನೈದಕ್ಕೇ ಶಾಲೆ ಬಿಟ್ಟು, ಬಿಬಿಸಿಯಲ್ಲಿ ರಂಗಸಜ್ಜಿಕೆ ಸಾಮಾನು ಸಾಗಿಸುವ ಕೆಲಸದಿಂದ ಮೇಲೆ ಬಂದವರು, 2011ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಒಂದು ಮಾತು ಹೇಳಿ ಮುಗಿಸುತ್ತೇನೆ. ಬಸಿರು ಇಳಿದುಹೋದ ಮನೆಗೆ ಬಂದವರು "ಇನ್ನೂ ವಯಸ್ಸಿದೆ, ಬಿಡಮ್ಮ" ಅಂದು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹೆಣ್ಣಿಗೆ ಅಷ್ಟಾದರೂ ಮಾತು ಸಿಗುತ್ತದೆ. ಗಂಡನನ್ನು ಕೇಳುವವರೇ ಇಲ್ಲ. ಅವನು ಅಂಗಡಿಗೋ ಆಫೀಸಿಗೋ ಹೋಗಿ ಮೊದಲಿನ ಹಾಗೇ ಬರುತ್ತಾನೆ. ಇವನಿಗೆ ದುಃಖವೇ ಆಗಲಿಲ್ಲ ಅಂತ ಹೆಂಡತಿ ಒಳಗೊಳಗೇ ಕೊರಗುತ್ತಾಳೆ. ಎದುರಿಗೆ ಕೂರಿಸಿಕೊಂಡು "ಮಾತಾಡಿ" ಅಂದರೆ ಇಂಥವರು ಎದ್ದು ಹೋಗುತ್ತಾರೆ. ಕೂಡಿ ಕೆಲಸ ಮಾಡುವಾಗ ಕೇಳಿ: ಅವರೆಕಾಯಿ ಸುಲಿಯುವಾಗ, ರಾತ್ರಿ ದೀಪ ಆರಿಸಿದ ಮೇಲೆ, ದೂರದ ಬಸ್ಸಿನಲ್ಲಿ ಅಕ್ಕಪಕ್ಕ ಕೂತಾಗ. ಕೇಳಿದ ಮೇಲೆ ಸುಮ್ಮನಿರಿ. ಉತ್ತರಕ್ಕೆ ಅವಸರ ಬೇಡ. ಗಂಡನೇ ಆಗಬೇಕೆಂದಿಲ್ಲ, ತಮ್ಮನಿರಬಹುದು, ಬೆಳೆದ ಮಗನಿರಬಹುದು.

ನಿಮ್ಮ ಮೆಚ್ಚಿನ ಧಾರಾವಾಹಿಯ ಮೆಚ್ಚಿನ ಕಂತು ಯಾವುದು, ಯಾಕೆ, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನಗಿಸಿದ್ದನ್ನು ಬರೆಯಿರಿ, ಅಳಿಸಿದ್ದನ್ನೂ ಬಿಡಬೇಡಿ. ಮುಂದಿನ ಸಂಚಿಕೆಯಲ್ಲಿ ಮಾವಿನಕಾಯಿಯ ವಿಷಯ. ಭರಣಿ ತೊಳೆದು ಒಣಗಿಸಿಟ್ಟಿರಿ.