ಮನೆಯ ನಾಯಿಯ ಮೈಹೊಟ್ಟು



ಭೀಮಾತೀರದ ಅಫಜಲಪುರ, ಜೇವರ್ಗಿಗಳಲ್ಲಾಗಲಿ ಅತ್ತ ಆಳಂದದಲ್ಲಾಗಲಿ ಒಕ್ಕಲುಮನೆಯ ಹೊಲ ಕಾಯುವುದು ನಾಯಿ. ಚಳಿಗಾಲದ ಒಣಗಾಳಿ ಬೀಸತೊಡಗಿದೊಡನೆ ಅದರ ಬೆನ್ನ ಮೇಲೆ ಬಿಳಿಯ ಹೊಟ್ಟು ಏಳುತ್ತದೆ, ರೋಮ ಕಾಂತಿಗುಂದುತ್ತದೆ. ಆಗ 'ಕಜ್ಜಿ ಹತ್ತಿತು' ಎಂದು ಅದನ್ನು ಊರಾಚೆ ಅಟ್ಟುವವರುಂಟು. ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಬಳಿಯುವವರೂ ಉಂಟು. ಅರಳಗುಂಡಗಿಯಲ್ಲಿ ಜನಿಸಿದ ಶರಣಬಸವೇಶ್ವರರು ಹೊಲದ ತೆನೆಗೆರಗಿದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟರೆಂದು ಪರಂಪರೆ ಹೇಳುತ್ತದೆ. ಆ ಸೀಮೆಯವರಿಗೆ ಇವೆರಡೂ ತರವಲ್ಲ. ಬಳಿದ ಎಣ್ಣೆಯನ್ನು ನಾಯಿ ನೆಕ್ಕದೆ ಬಿಡದು, ಅದು ವಿಷ.

ಹೊಟ್ಟೆಲ್ಲವೂ ಕಜ್ಜಿಯಲ್ಲ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳುವಾದುದು. ಅದರ ಮೇಲ್ಪದರ ಸುಮಾರು 3 ವಾರಗಳಿಗೊಮ್ಮೆ ಹೊಸದಾಗುತ್ತದೆ. ಅದಕ್ಕೆ ಜಿಡ್ಡು ಬೇಕು, ಸಸಾರಜನಕ ಬೇಕು, ವೈದ್ಯರು ಜಿಂಕ್ ಎನ್ನುವ ಸತುವೂ ಬೇಕು. ನಾವು ಹಾಕುವುದಾದರೋ ಒಣಗಿದ ಜೋಳದ ರೊಟ್ಟಿ. ಅದರಲ್ಲಿ ಜಿಡ್ಡು ಅಲ್ಪ. ಧಾನ್ಯದೊಳಗಿನ ಫೈಟೇಟ್ ಎಂಬ ಅಂಶವು ಸತುವನ್ನು ಮೈಗೆ ಹತ್ತಗೊಡದು. ಕಣ್ಣು, ತುಟಿಗಳ ಸುತ್ತ ಹಕ್ಕಳೆ ಕಟ್ಟಿದರೆ ಈ ಕೊರತೆಯನ್ನು ಶಂಕಿಸಬೇಕು. ಲಿಂಗವಂತರ ಮನೆಯ ನಾಯಿಗೂ ಸಸ್ಯಾಹಾರವೇ ಇರಲೆನ್ನುವವರು ಅದರ ಪೋಷಣೆಯ ಹೊಣೆಯನ್ನೂ ಹೊರತಕ್ಕದ್ದು; ವ್ರತ ನಮ್ಮದು, ಅದರದಲ್ಲ. ರೊಟ್ಟಿಯೊಡನೆ ಮೊಸರು, ಒಗ್ಗರಣೆಯಿಲ್ಲದೆ ಬೇಯಿಸಿದ ತೊಗರಿಬೇಳೆ ಇರಲಿ; ಇಷ್ಟು ಸಾಕೇ ಎಂಬುದನ್ನು ಪಶುವೈದ್ಯರಲ್ಲಿ ಕೇಳಿಕೊಳ್ಳಿರಿ.

ನಮ್ಮ ಸೀಮೆಯ ಕುಸುಬೆ ಎಣ್ಣೆ ಇಲ್ಲಿ ಉಪಕಾರಿ. ಚರ್ಮಕ್ಕೆ ಅವಶ್ಯವಾದ ಲಿನೋಲಿಯಿಕ್ ಆಮ್ಲ ಅದರಲ್ಲಿ ಹೇರಳ. 10 ಕಿಲೋ ತೂಕದ ನಾಯಿಗೆ ದಿನಕ್ಕೊಂದು ಸಣ್ಣ ಚಮಚೆ ಮೀರದಂತೆ ರೊಟ್ಟಿಯಲ್ಲಿ ಕಲಸಬಹುದು. ಮೊದಲು ಕೆಲವು ಹನಿಗಳಿಂದ ಆರಂಭಿಸದಿದ್ದರೆ ಭೇದಿಯಾದೀತು. ಫಲ ಕಾಣಲು ತಿಂಗಳು, ಎರಡು ತಿಂಗಳು ಹಿಡಿಯುತ್ತದೆ. ಆದರೆ ಊಟದ ಎಲೆಯಲ್ಲುಳಿದ ಅಗಸೆ ಹಿಂಡಿಯನ್ನು ಹಾಕಬೇಡಿರಿ. ಅಗಸೆ ಒಳ್ಳೆಯದೇ, ಅದರಲ್ಲಿ ಕುಟ್ಟಿದ ಬೆಳ್ಳುಳ್ಳಿ ಕೆಟ್ಟದ್ದು. ಬೆಳ್ಳುಳ್ಳಿ, ಉಳ್ಳಾಗಡ್ಡಿಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ.

ನಾವು ಮೀಯುವ ಸಾಬೂನಿನಿಂದ ಪದೇ ಪದೇ ತೊಳೆದರೆ ಇದ್ದ ಜಿಡ್ಡೂ ಹೋಗುವುದು. ಅದಕ್ಕಿಂತ ನಿತ್ಯ ಮೈ ಬಾಚುವುದು ಲೇಸು.

ಬಾಚುವಾಗ ಉದುರಿದ ಹೊಟ್ಟನ್ನು ಕರಿಯ ಬಟ್ಟೆಯ ಮೇಲೆ ಹರವಿ ಭೂತಗನ್ನಡಿಯಿಂದ ನೋಡಿರಿ. ಹೊಟ್ಟು ತಾನೇ ಚಲಿಸುವಂತೆ ಕಂಡರೆ ಅದು ಒಣಚರ್ಮವಲ್ಲ, ನುಸಿ. ವಿಪರೀತ ತುರಿಕೆ, ಕಿವಿಯಂಚಿನ ಹಕ್ಕಳೆ, ದುಂಡಗೆ ಉದುರಿದ ರೋಮ, ದುರ್ಗಂಧ, ಇವುಗಳಲ್ಲಿ ಯಾವುದಿದ್ದರೂ ತಾಲೂಕಿನ ಪಶು ಆಸ್ಪತ್ರೆಗೆ ಒಯ್ಯತಕ್ಕದ್ದು. ಅಲ್ಲಿ ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು. ದನಕ್ಕೆ ತಂದಿಟ್ಟ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಿಂದ ನಾಯಿಗೆ ಹಾಕಿಸಬಾರದು. ಪ್ರಮಾಣ ಮೀರಿದರೆ ಪ್ರಾಣಾಪಾಯ.

ನುಸಿಯ ಕಜ್ಜಿಯೂ ಗಜಕರ್ಣವೂ ಮನುಷ್ಯರಿಗೆ ಅಂಟುತ್ತವೆ. ನಾಯಿಯೊಡನೆ ಆಡುವ ಮಕ್ಕಳ ಮುಂಗೈ, ಹೊಟ್ಟೆಗಳ ಮೇಲೆ ಗುಳ್ಳೆಗಳೋ ದುಂಡನೆಯ ಕಲೆಗಳೋ ಕಂಡಲ್ಲಿ ಮಗುವನ್ನೂ ಅದೇ ದಿನ ವೈದ್ಯರಿಗೆ ತೋರಿಸಿ, ಮನೆಯಲ್ಲಿ ನಾಯಿಯಿರುವ ಸಂಗತಿಯನ್ನು ಅವರಿಗೆ ತಿಳಿಸಿರಿ. ನಾಯಿ ಮಲಗುವ ಗೋಣಿತಟ್ಟನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿರಿ.